ಬಿಸಿ ಆಗುವುದು ಕಿಂಡಿಯಲ್ಲಲ್ಲ, ಆಚೀಚೆ

ಪ್ರಶ್ನೆ: ಬಿಸಿಯಾದ ಮೊಬೈಲನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಬಹುದಾ? (ಹೊಸದುರ್ಗ)

ಬೇಡ. ಒಳಗೆ ನೀರು ಹನಿ ಕಟ್ಟುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಎರಡು ಚಿನ್ನದ ತುದಿಗಳ ನಡುವೆ ಒಂದೇ ಒಂದು ಅಣು ಕೂರಿಸಿ ಕರೆಂಟ್ ಹರಿಸಿದರೆ ಬಿಸಿ ಹುಟ್ಟುವುದು ಆ ಅಣುವಿನಲ್ಲೇ ಅಲ್ವಾ ಸಾರ್? (ಬಿಎಸ್‌ಸಿ ವಿದ್ಯಾರ್ಥಿ, ಚಳ್ಳಕೆರೆ)

ಅಲ್ಲಪ್ಪಾ. ಇದನ್ನು ಎಷ್ಟು ಜನ ಕೇಳಿದರೋ, ಎಲ್ಲರ ತಲೆಯಲ್ಲೂ ಇಸ್ತ್ರಿಪೆಟ್ಟಿಗೆಯ ಕಾಯಿಲ್ಲೇ ಕೂತಿರುತ್ತದೆ. ಜೂಲ್ ನಿಯಮ (ಕರೆಂಟೂ ಅದಕ್ಕಿರುವ ಅಡ್ಡಿ, ಅಂದರೆ ರೋಧವೂ ಹೆಚ್ಚಿದಷ್ಟೂ ಬಿಸಿ ಹೆಚ್ಚು ಅನ್ನುವುದು) ನಿಮಗೆ ಬರುತ್ತದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಕಾಯಿಲ್‌ನಲ್ಲಿ ಎಲೆಕ್ಟ್ರಾನ್ ದಾರಿಯುದ್ದಕ್ಕೂ ಡಿಕ್ಕಿ ಹೊಡೆಯುತ್ತಾ ಹೋಗುತ್ತದೆ. ಚಿನ್ನದಲ್ಲಾದರೆ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸುಮಾರು 40 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಓಡುತ್ತದೆ. ನಿಮ್ಮ ಅಣು ಇರುವುದೇ ಒಂದೆರಡು ನ್ಯಾನೋಮೀಟರ್. ಡಿಕ್ಕಿಗೆ ಜಾಗ ಎಲ್ಲಿದೆ?

ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿದ್ದು ಕಿಂಡಿಯಲ್ಲಿ, ಆದರೆ ಒನಕೆ ಏಟು ಬಿದ್ದದ್ದು ತಲೆ ಹೊರಗೆ ಬಂದ ಮೇಲೆ. ಎಲೆಕ್ಟ್ರಾನ್ ಕೂಡ ಅಣುವನ್ನು ಸಲೀಸಾಗಿ ದಾಟಿ, ಆಚೆಯ ಚಿನ್ನದೊಳಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಹೋಲಿಕೆ ಇಲ್ಲಿಗೆ ಸಾಕು, ಯಾಕೆಂದರೆ ಈಚೆ ಬದಿಯೂ ಬಿಸಿಯಾಗುತ್ತದೆ: ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಕ್ಕೆ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳು ಇಳಿಯುವಾಗ ಉಳಿದ ಶಕ್ತಿ ಅಲ್ಲೇ ಕರಗುತ್ತದೆ.

"ರೋಧ ಇದ್ದ ಕಡೆಯೇ ಬಿಸಿ" ಅನ್ನುವುದೇ ಇಲ್ಲಿನ ಮೂಲ ತಪ್ಪು. ಅಣುವಿನ ಬದಲು ಒಂದೇ ಚಿನ್ನದ ಪರಮಾಣು ಕೂರಿಸಿದ ಬೆಸುಗೆಗೆ, ಡಿಕ್ಕಿ ಇಲ್ಲದಿದ್ದರೂ, ಸುಮಾರು 12,900 ಓಮ್ ರೋಧ ಇರುತ್ತದೆ. ಬಿಸಿ ಮಾತ್ರ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಅಣು ಕೂರಿಸಿದರೆ ಹಾಗಲ್ಲ, ಒಂದು ಬದಿ ಜಾಸ್ತಿ ಬಿಸಿಯಾಗಬಹುದು, ಕರೆಂಟ್ ತಿರುಗಿಸಿದರೆ ಇನ್ನೊಂದು ಬದಿ. ಇದು ಬಾಯಿಮಾತಲ್ಲ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು ಸೂಜಿಮೊನೆಯಂಥ ತುದಿಯೊಳಗೇ ಥರ್ಮೋಕಪಲ್ (ಬಿಸಿ ಅಳೆಯುವ ಪುಟ್ಟ ಸಾಧನ) ಕೂರಿಸಿ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ.

ಹಾಗಂತ ಅಣು ತಣ್ಣಗಿರುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ನನ್ನ ಹೆಸರು ಹೇಳಬೇಡಿ. ಕೆಲವು ಎಲೆಕ್ಟ್ರಾನ್‌ಗಳು ದಾಟುವಾಗ ಅದನ್ನು ಅಲುಗಾಡಿಸುತ್ತವೆ. ವೋಲ್ಟೇಜ್ ಏರಿಸುತ್ತಾ ಹೋದರೆ ಬೆಸುಗೆ ಕಿತ್ತೇ ಹೋಗುತ್ತದೆ.

ಪ್ರಶ್ನೆ: ಮೊಬೈಲ್ ಹಿಂದೆ ಅಂಟಿಸುವ "ನ್ಯಾನೋ ಕೂಲಿಂಗ್" ಸ್ಟಿಕ್ಕರ್ ಕೆಲಸ ಮಾಡುತ್ತದಾ? (ಹಿರಿಯೂರು)

ನಾನೂ ಒಂದು ತಂದು ಕಿತ್ತು ನೋಡಿದೆ. ಹೊಳೆಯುವ ಕಾಗದ, ಕೆಳಗೆ ಗೋಂದು. ನ್ಯಾನೋ ಇದ್ದದ್ದು ಮಾರುವವನ ಬಾಯಲ್ಲಿ ಮಾತ್ರ.

ಪ್ರಶ್ನೆ: ಬ್ಯಾಟರಿ ಊದಿದೆ, ಒತ್ತಿ ಕೂರಿಸಿದರೆ ಆಗಲ್ವಾ? (ದಾವಣಗೆರೆ)

ಒತ್ತಬೇಡಿ, ಚುಚ್ಚಬೇಡಿ. ಇದನ್ನು ಓದುತ್ತಾ ಕೂರುವುದೂ ಬೇಡ, ಮೊದಲು ಚಾರ್ಜರ್ ತೆಗೆದು ರಿಪೇರಿ ಅಂಗಡಿಗೆ ಕೊಟ್ಟು ಬನ್ನಿ.