ಸೊಂಟದಲ್ಲಿ ಯಾವುದಿರಲಿ ಅಂತ ಕೇಳಿದ ಟಿಕೋಟಾದ ಓದುಗರಿಗೆ

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಮಣೂಕ (ಒಣದ್ರಾಕ್ಷಿ) ಮಾರಿ ತಾಸಗಾಂವದಿಂದ ರಾತ್ರಿ ಒಬ್ಬರೇ ಕಾರಿನಲ್ಲಿ ಬರುತ್ತಾರೆ. ಹೋದ ಸೀಸನ್ನಿನಲ್ಲಿ ಜತ್ತ ದಾಟಿದ ಮೇಲೆ ಎರಡು ಬೈಕು ಬಹಳ ದೂರ ಬೆನ್ನು ಹತ್ತಿದ್ದವಂತೆ, ಜೊತೆಗೆ ದುಡ್ಡೂ ಇತ್ತು. ಅಂಗಿಯೊಳಗೆ ಯಾರಿಗೂ ಕಾಣದ ಹಾಗೆ ಇಟ್ಟುಕೊಳ್ಳಲು ಯಾವ ಪಿಸ್ತೂಲು ಒಳ್ಳೇದು, ವಿಡಿಯೋದಲ್ಲಿ ತೋರಿಸುವ ಗ್ಲಾಕ್ ಇಲ್ಲಿ ಸಿಗುತ್ತದಾ, ಗೆಳೆಯನೊಬ್ಬ ಲೈಸೆನ್ಸ್ ಇಲ್ಲದೆ ಅರ್ಧ ರೇಟಿಗೆ ಕೊಡಿಸುತ್ತೇನೆ ಅಂತಾನೆ ಏನು ಮಾಡಲಿ, ಮನೆಯವಳಿಗೆ ಹೇಳಬೇಕಾ ಬೇಡವಾ. ಇಷ್ಟು ಅವರ ಪ್ರಶ್ನೆ.

ಅಣ್ಣಾರೇ, ಮೊದಲು ಗ್ಲಾಕ್ ವಿಷಯ ಮುಗಿಸಿಬಿಡೋಣ. ನೀವು ವಿಡಿಯೋದಲ್ಲಿ ನೋಡಿದ್ದು 9 ಎಂಎಂ. ನಮ್ಮಲ್ಲಿ ಅದು ನಿಷೇಧಿತ ಬೋರ್ (ನಳಿಕೆಯ ಅಳತೆ), ಪೊಲೀಸರು ಮತ್ತು ಸೈನ್ಯದವರು ಬಳಸುವ ಗುಂಡು. ನಮ್ಮಂಥವರಿಗೆ ಕೊಡುವ ಲೈಸೆನ್ಸಿನಲ್ಲಿ ಅದು ಬರುವುದಿಲ್ಲ. ಅಮೆರಿಕದ ವಿಡಿಯೋ ನೋಡಿ ಪಿಸ್ತೂಲು ಆರಿಸುವುದು ಅಂದರೆ, ಅಲ್ಲಿನ ದೊಡ್ಡ ಟ್ರ್ಯಾಕ್ಟರ್ ನೋಡಿ ನಮ್ಮ ದ್ರಾಕ್ಷಿ ಪಡದ ಸಾಲಿನೊಳಗೆ ಹಾಯಿಸುತ್ತೇನೆ ಅಂದ ಹಾಗೆ.

ಹಾಗಾದರೆ ಉಳಿಯುವುದು ಏನು? ಹೆಚ್ಚುಕಡಿಮೆ .32 ಮತ್ತು .22, ಇವು ಇಂಚಿನ ಲೆಕ್ಕದ ಬೋರ್. ಅದರಲ್ಲಿ ರಿವಾಲ್ವರ್ (ಗುಂಡು ತುಂಬಿದ ಉರುಳೆ ತಿರುಗುವಂಥದ್ದು) ಬೇಕಾ, ಪಿಸ್ತೂಲು (ಹಿಡಿಯೊಳಗೆ ಗುಂಡು ತುಂಬುವಂಥದ್ದು) ಬೇಕಾ ಅನ್ನುವುದೇ ನಿಮ್ಮ ಮುಂದಿರುವ ನಿಜವಾದ ಆಯ್ಕೆ. ಸರ್ಕಾರಿ ಕಾರ್ಖಾನೆಗಳು ಎರಡನ್ನೂ ಮಾಡುತ್ತವೆ. .32 ಪಿಸ್ತೂಲು 'ಅಶನಿ' ಇದೆ. 2014ರಲ್ಲಿ ಕಾನ್ಪುರದಿಂದ 'ನಿರ್ಭೀಕ್' ಬಂತು, ಟೈಟೇನಿಯಂ ಮಿಶ್ರಲೋಹದ .32 ರಿವಾಲ್ವರ್, ತೂಕ ಸುಮಾರು 500 ಗ್ರಾಂ. ಹೆಣ್ಣುಮಕ್ಕಳಿಗಾಗಿ ಅಂತ ತಂದರು, ಬೆಲೆ ಮಾತ್ರ ಆಗಲೇ 1.22 ಲಕ್ಷ ರೂಪಾಯಿ! 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಂ, ಅದರ ಗುಂಡಿನ ಉರುಳೆ ಪಕ್ಕಕ್ಕೆ ತೆರೆಯುತ್ತದೆ. 'ನಿಡರ್' ಅನ್ನುವ .22 ಕಾಲು ಕೆಜಿ ಅಷ್ಟೇ. ಜೇಬಿಗೆ ಹಗುರ ಹೌದು, ಆದರೆ .22 ಗುಂಡು ಸಣ್ಣದು, ಮೈಮೇಲೆ ಬರುವವನನ್ನು ನಿಲ್ಲಿಸಲು ನಾನಂತೂ ಅದನ್ನು ನಂಬುವುದಿಲ್ಲ.

ನನ್ನನ್ನು ಕೇಳಿದರೆ, ನಿಮಗೆ ರಿವಾಲ್ವರ್. ಯಾಕೆ ಅಂದರೆ ನೀವು ವರ್ಷಕ್ಕೆ ಎಷ್ಟು ಸಲ ಗುಂಡು ಹೊಡೆದು ರೂಢಿ ಮಾಡಿಕೊಳ್ಳುತ್ತೀರಿ? ಛಾಟಣಿ, ಔಷಧಿ, ಕಟಾವು, ಶೆಡ್ಡಿನಲ್ಲಿ ಒಣಗಿಸುವುದು ಅಂತ ವರ್ಷವಿಡೀ ಕೆಲಸ ಇರುವ ಮನುಷ್ಯ. ಪಿಸ್ತೂಲು ತೆಳ್ಳಗಿರುತ್ತದೆ, ಅಂಗಿಯೊಳಗೆ ಚೆನ್ನಾಗಿ ಅಡಗುತ್ತದೆ, ಅದು ನಿಜ. ಆದರೆ ಗುಂಡು ಠುಸ್ಸಾದರೆ ಮೇಲಿನ ಸ್ಲೈಡ್ ಎಳೆದು, ಕೆಟ್ಟ ಗುಂಡು ಹೊರಗೆ ಹಾಕಿ, ಮತ್ತೆ ಹಿಡಿಯಬೇಕು. ರೂಢಿ ಇಲ್ಲದವನ ಕೈಗೆ ಆ ಹೊತ್ತಿನಲ್ಲಿ ಅದು ಬರುವುದಿಲ್ಲ. ರಿವಾಲ್ವರಿನಲ್ಲಿ ಇನ್ನೊಮ್ಮೆ ಕುದುರೆ (ಟ್ರಿಗರ್) ಎಳೆದರೆ ಸಾಕು, ಮುಂದಿನ ಗುಂಡು ತಾನೇ ಬಂದು ನಿಲ್ಲುತ್ತದೆ. ಕುದುರೆ ಸ್ವಲ್ಪ ಬಿಗಿ, ಅದೂ ಒಳ್ಳೆಯದೇ, ಸುಮ್ನೆ ಬೆರಳು ತಾಗಿದರೆ ಹಾರುವುದಿಲ್ಲ. ಇನ್ನೊಂದು ಮಾತು, ಎರಡಕ್ಕೂ .32 ಅಂತಲೇ ಅಂದರೂ ರಿವಾಲ್ವರಿನ ಗುಂಡು ಬೇರೆ, ಪಿಸ್ತೂಲಿನ ಗುಂಡು ಬೇರೆ. ಅಂಗಡಿಯಲ್ಲಿ ಬರೀ ನಂಬರ್ ಹೇಳಿ ತರಬೇಡಿ.

ಈಗ ಒಂದು ಕೆಲಸ ಮಾಡಿ. ಇವತ್ತು ಸಂಜೆ ಸೊಂಟದ ಬಲಗಡೆ, ಅಂಗಿಯ ಒಳಗೆ, ಚಾಳೀಸಿನ ಡಬ್ಬಿ ಸಿಕ್ಕಿಸಿಕೊಂಡು ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಆ ಡಬ್ಬಿ ತೆಗೆಯಿರಿ ನೋಡೋಣ. ಆ ಕಡೆ ಬಾಗಿಲು, ಈ ಕಡೆ ಬೆಲ್ಟ್, ಮೇಲೆ ನಿಮ್ಮ ಅಂಗಿ, ನಡುವೆ (ಸಿಟ್ಟಾಗಬೇಡಿ) ಹೊಟ್ಟೆ. ಬೈಕಿನವರು ಕಾಯುತ್ತಾರಾ? ಹಾಗಂತ ಹೋಲ್ಸ್ಟರ್ (ಸೊಂಟಕ್ಕೆ ಕಟ್ಟುವ ಒರೆ) ಬಿಟ್ಟು ಡ್ಯಾಶ್‌ಬೋರ್ಡಿನಲ್ಲಿ ಇಡುವುದೂ ತಪ್ಪು, ಚಂಚಿಯ ಜೊತೆ ಜೇಬಿನಲ್ಲಿ ತುರುಕುವುದು ಇನ್ನೂ ದೊಡ್ಡ ತಪ್ಪು. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಹೊರಗೆ ಒಯ್ಯುವಾಗ ಅದು ಹೋಲ್ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ನಾಲ್ಕು ಜನರ ಮುಂದೆ ಝಳಪಿಸುವಂತಿಲ್ಲ. ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್, ಅದನ್ನು ಹೊರುವಂಥ ದಪ್ಪ ಬೆಲ್ಟ್, ಇವಕ್ಕೆ ದುಡ್ಡು ಉಳಿಸಬೇಡಿ. ಧೋತರದ ಮೇಲೆ ಇದೆಲ್ಲ ನಿಲ್ಲುವುದಿಲ್ಲ.

ಮತ್ತೆ ಸದ್ದು. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಹಾರಿಸುವವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಅಂತ ಹೇಳುತ್ತಾರಲ್ವಾ. ಗಾಜು ಏರಿಸಿದ ಕಾರಿನೊಳಗೆ .32 ಹಾರಿಸಿದರೂ ಕಿವಿ ಗುಂಯ್‌ಗುಡುತ್ತದೆ, ಹಾರಿಕೊಳ್ಳಲು ತೊಟ್ಟಿ ಇರುವುದಿಲ್ಲ.

ಲೈಸೆನ್ಸ್ ವಿಷಯ. ನಿಮಗೆ ಅದನ್ನು ಕೊಡುವವರು ಜಿಲ್ಲಾಧಿಕಾರಿ (ಬೆಳಗಾವಿ ನಗರದವರಾದರೆ ಪೊಲೀಸ್ ಕಮಿಷನರ್). ಪೊಲೀಸ್ ವರದಿ ಬೇಕು, ಆರೋಗ್ಯದ ಸರ್ಟಿಫಿಕೇಟ್ ಬೇಕು, ಬಂದೂಕು ಹಿಡಿಯುವ ತರಬೇತಿ ಪಡೆದದ್ದಕ್ಕೂ ಸರ್ಟಿಫಿಕೇಟ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಐದು ವರ್ಷಕ್ಕೆ ಕೊಡುತ್ತಾರೆ. ಬೆನ್ನು ಹತ್ತಿದ ದಿನ ನೀವು ಠಾಣೆಗೆ ಹೋಗಿ ಒಂದು ದೂರಿನ ಅರ್ಜಿಯನ್ನೂ ಕೊಟ್ಟಿಲ್ಲ. ಜೀವಕ್ಕೆ ಅಪಾಯ ಇದೆ ಅಂತ ಹೇಳುವವನ ಕೈಯಲ್ಲಿ ಅದೇ ಮೊದಲ ಕಾಗದ. ಪತ್ರದಲ್ಲಿ ನೀವು ಬರೆಯದೇ ಬಿಟ್ಟ ಇನ್ನೊಂದು ಸಂಗತಿ ಇದೆ, ತಾಸಗಾಂವ ಮಹಾರಾಷ್ಟ್ರದಲ್ಲಿದೆ. ಲೈಸೆನ್ಸಿನಲ್ಲಿ ಯಾವ ಪ್ರದೇಶ ಬರೆದಿದೆಯೋ ಅಲ್ಲಿ ಮಾತ್ರ ಅದು ನಡೆಯುತ್ತದೆ. ಕರ್ನಾಟಕ ಅಂತಷ್ಟೇ ಬರೆಸಿಕೊಂಡು ಜತ್ತಕ್ಕೆ ಕಾಲಿಟ್ಟರೆ, ಬೈಕಿನ ಕಳ್ಳರು ಬಿಟ್ಟರೂ ಅಲ್ಲಿನ ಪೊಲೀಸರು ಹಿಡಿಯುತ್ತಾರೆ. ನಿಮಗೆ ಭಯ ಆಗಿದ್ದೇ ಆ ಕಡೆಯ ರಸ್ತೆಯಲ್ಲಿ, ಅಲ್ವಾ? ಅರ್ಜಿ ಹಾಕುವಾಗಲೇ ಇದನ್ನು ಕೇಳಿಕೊಳ್ಳಿ.

ಅರ್ಧ ರೇಟಿನ ಗೆಳೆಯನಿಗೆ ದೂರದಿಂದಲೇ ನಮಸ್ಕಾರ ಹೇಳಿ. ಭೀಮಾತೀರದ ಜಿಲ್ಲೆಯವರಾದ ನಮಗೆ ಕಂಟ್ರಿ ಪಿಸ್ತೂಲಿನ ಕಥೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕಡಿಮೆ ಅಂದರೂ ಎರಡು ವರ್ಷ ಜೈಲು. ಮೇಲಾಗಿ ಆ ನಳಿಕೆ ಎದುರಿನವನ ಕಡೆ ಸಿಡಿಯುತ್ತದೋ ನಿಮ್ಮ ಕೈಯಲ್ಲೇ ಸಿಡಿಯುತ್ತದೋ, ಮಾಡಿದವನಿಗೇ ಖಾತ್ರಿ ಇರುವುದಿಲ್ಲ.

ನಮ್ಮ ಸೋದರಮಾವನ ಕಥೆ ಹೇಳಿಬಿಡುತ್ತೇನೆ. ಬಾಗಲಕೋಟೆ ಕಡೆ ಬೆಲ್ಲದ ವ್ಯಾಪಾರ, ಕಾಯಿದೆ ಪ್ರಕಾರ ಲೈಸೆನ್ಸ್ ಇದ್ದ ರಿವಾಲ್ವರ್, ಹದಿನೈದು ವರ್ಷ ತಿಜೋರಿಯಲ್ಲಿತ್ತು. ದಸರಾ ಬಂದರೆ ಪೂಜೆ, ಎಲೆಕ್ಷನ್ ಬಂದರೆ ಠಾಣೆಗೆ ಜಮಾ. ಕಡೆಗೆ ಮನೆಗೆ ಕಳ್ಳರು ನುಗ್ಗಿದ್ದು ಯಾವಾಗ? ಎಲೆಕ್ಷನ್ನಿನಲ್ಲೇ. ರಿವಾಲ್ವರ್ ಠಾಣೆಯಲ್ಲಿ, ಮಾವ ಅಟ್ಟದ ಮೇಲೆ. ನಿಮ್ಮ ಲೆಕ್ಕವನ್ನೂ ನೋಡಿಕೊಳ್ಳಿ, 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ನಾವು ಓಟು ಹಾಕಿದ್ದು ಮೇ ತಿಂಗಳಲ್ಲಿ. ಮಣೂಕದ ದುಡ್ಡು ಕೈಗೆ ಬರುವುದೂ ಬೇಸಿಗೆಯಲ್ಲೇ.

ಹೊಡೆದ ಮೇಲಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಂವರೆಗೆ ಆತ್ಮರಕ್ಷಣೆಯ ಹಕ್ಕು ಬರೆದಿದೆ. ಸಾಯಿಸುತ್ತಾನೆ ಅನ್ನುವಂಥ ಭಯ ಇದ್ದಾಗ ಆ ಹಕ್ಕು ದೊಡ್ಡದು, ದರೋಡೆಗೂ ಅನ್ವಯಿಸುತ್ತದೆ. ಆದರೆ ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಬ್ಯಾಗು ಕಸಿದು ಬೆನ್ನು ತೋರಿಸಿ ಓಡುವವನಿಗೆ ಹೊಡೆದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ನೀವು. ಸುಮ್ಮನೆ ಬೆನ್ನು ಹತ್ತಿದ ಎರಡು ಬೈಕಿಗೆ ಗುಂಡು ಹೊಡೆಯುವ ಹಕ್ಕಂತೂ ಅಲ್ಲಿ ಎಲ್ಲೂ ಇಲ್ಲ.

ಅದಕ್ಕೇ ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ, ಅದು ಬರುವವರೆಗೆ ದಲಾಲರಿಗೆ ದುಡ್ಡು ಖಾತೆಗೇ ಹಾಕಿ ಅನ್ನಿ. ನಗದು ತರಲೇಬೇಕಾದ ದಿನ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಬೈಕು ಬೆನ್ನು ಹತ್ತಿದರೆ ನಿಲ್ಲಿಸಬೇಡಿ, 112ಕ್ಕೆ ಫೋನ್ ಮಾಡಿ, ದೀಪ ಇರುವ ಪೆಟ್ರೋಲ್ ಬಂಕಿನೊಳಗೆ ಕಾರು ನುಗ್ಗಿಸಿ. ರಿವಾಲ್ವರ್ ಬಂದ ಮೇಲೆ ಮನೆಯಲ್ಲಿ ಅದಕ್ಕೆ ಬೀಗದ ಪೆಟ್ಟಿಗೆ, ಗುಂಡಿಗೆ ಬೇರೆ ಬೀಗ. ಮೊಮ್ಮಗ ತೆವಳಲು ಶುರು ಮಾಡಿದ್ದಾನೆ ಅಂತ ನೀವೇ ಬರೆದಿದ್ದೀರಿ. ನೀವು ಜೊತೆಗಿಲ್ಲದಾಗ ನಿಮ್ಮ ತಮ್ಮ ಅದನ್ನು ಹಿಡಿದುಕೊಂಡು ತಾಸಗಾಂವಕ್ಕೆ ಹೋಗುವ ಹಾಗೂ ಇಲ್ಲ, ಲೈಸೆನ್ಸ್ ನಿಮ್ಮದು.

ಇನ್ನು ಮನೆಯವರಿಗೆ ಹೇಳಬೇಕಾ ಅನ್ನುವ ಪ್ರಶ್ನೆ. ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಪೊಲೀಸರು ನಿಮ್ಮ ಓಣಿಗೇ ಬರುತ್ತಾರೆ, ಅವರಿಗೆ ಚಹಾ ಮಾಡುವವರು ವೈನಿಯೇ ತಾನೇ? ಇವತ್ತೇ ಹೇಳಿಬಿಡಿ.