ಕಾಮಾಕ್ಷಿಯ ಕಮನೀಯ ಕಾಮಾಲೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಫ್ಯಾಮಿಲಿ ಗ್ರೂಪಿಗೆ ನಾದಿನಿ ಒಂದು ಮಕ್ಕಳ ಪುಸ್ತಕದ ಮುಖಪುಟ ಕಳಿಸಿದ್ದಾಳೆ. ‘ಮೆಲಾನೀಸ್ ಮಾರ್ವೆಲಸ್ ಮೀಸಲ್ಸ್’ ಅಂತ ಹೆಸರು. ಮೆಲಾನಿಯ ಅದ್ಭುತ ದಡಾರ! ತಮಾಷೆಗೆ ಹಾಕಿದ್ದು, ಎಲ್ಲರೂ ನಕ್ಕರು. ಅತ್ತೆ ಮಾತ್ರ ‘ತಪ್ಪೇನಿದೆ, ನಮ್ಮ ಕಾಲದಲ್ಲಿ ಎಲ್ಲರಿಗೂ ಬಂದು ಹೋಗ್ತಿತ್ತು’ ಅಂತಾರೆ. ಇಂಥ ಪುಸ್ತಕ ನಿಜಕ್ಕೂ ಇದೆಯೇ? ಮಗನಿಗೆ 17 ತಿಂಗಳು. ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಬಾಕಿ ಇದೆ.
– ಓದುಗರು, ಅರಸೀಕೆರೆ

ಉತ್ತರ: ಇದೆಯಮ್ಮ. 2012ರಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರು ತಾವೇ ಅಚ್ಚು ಹಾಕಿಸಿ ತಂದದ್ದು. 4ರಿಂದ 10 ವರ್ಷದ ಮಕ್ಕಳಿಗಂತೆ. ಲಸಿಕೆಯಿಂದ ಪ್ರಯೋಜನವಿಲ್ಲ, ಕಾಯಿಲೆ ಬಂದರೆ ಖುಷಿಯಿಂದ ಬರಮಾಡಿಕೊಳ್ಳಿ ಅನ್ನುವುದೇ ಅದರ ಪಾಠ.

ಮೊದಲು ಅದನ್ನು ಕೇಳಿದವರೇ ಕಡಿಮೆ. 2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಿಂದ ದಡಾರ ಹಬ್ಬಿ ನೂರಕ್ಕೂ ಹೆಚ್ಚು ಜನ ಮಲಗಿದರು. ಆಗ ಪುಸ್ತಕ ಜನರ ಕಣ್ಣಿಗೆ ಬಿತ್ತು. ಅಮೆಜಾನ್‌ನಲ್ಲಿ ಅದರ ಕೆಳಗೆ ಗೇಲಿಯ ವಿಮರ್ಶೆಗಳ ಸಾಲೇ ಬಿತ್ತು. ಉಳಿದ ರೋಗಗಳಿಗೂ ಇಂಥದೇ ಪ್ರಾಸದ ಹೆಸರು ಕಟ್ಟಿದರು. ನಾನೂ ಮೊಮ್ಮಗಳ ಜೊತೆ ಕೂತು ‘ಕಾಮಾಕ್ಷಿಯ ಕಮನೀಯ ಕಾಮಾಲೆ’ ಅಂತ ಒಂದು ಕಟ್ಟಿದೆ. ನಿಜ ಹೇಳ್ತೀನಿ, ಹೊಟ್ಟೆ ಹಿಡ್ಕೊಂಡು ನಕ್ಕೆವು.

ಆ ಪುಸ್ತಕದ ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಮಕ್ಕಳ ಕತೆ ಬರೆದ ರೋಲ್ಡ್ ಡಾಲ್ ಅವರ ‘ಜಾರ್ಜಸ್ ಮಾರ್ವೆಲಸ್ ಮೆಡಿಸಿನ್’ ನೆನಪಾಗುತ್ತದೆ, ಅಲ್ವಾ? 1981ರ ಪುಸ್ತಕ. ಇದೇ ಡಾಲ್ ಅವರ ದೊಡ್ಡ ಮಗಳು ಒಲಿವಿಯಾ 1962ರಲ್ಲಿ ದಡಾರದಿಂದಲೇ ಹೋದಳು. ಏಳು ವರ್ಷ. ಆಗಿನ್ನೂ ಲಸಿಕೆ ಬಂದಿರಲಿಲ್ಲ. ಅವಳು ಸುಧಾರಿಸಿಕೊಳ್ಳುತ್ತಿದ್ದಾಳೆ ಅಂತಲೇ ಅಪ್ಪ ಅಂದುಕೊಂಡಿದ್ದರು. ಹಾಸಿಗೆ ಮೇಲೆ ಕೂತು ಬಣ್ಣದ ತಂತಿಯಲ್ಲಿ ಪುಟ್ಟ ಪ್ರಾಣಿಗಳನ್ನು ಮಾಡೋದು ಹೇಳಿಕೊಡುತ್ತಿದ್ದರು. ಅವಳ ಬೆರಳು ಮಾತು ಕೇಳುತ್ತಿರಲಿಲ್ಲ. ನಿದ್ದೆ ಬರುತ್ತಿದೆ ಅಂದಳು. ಒಂದು ಗಂಟೆಯೊಳಗೆ ಪ್ರಜ್ಞೆ ಹೋಯಿತು, 12 ಗಂಟೆಯೊಳಗೆ ಜೀವ. ಸೋಂಕು ಮೆದುಳಿಗೆ ಏರಿತ್ತು. 1986ರಲ್ಲಿ ಡಾಲ್ ಇದನ್ನೆಲ್ಲ ಬರೆದು, ಮಕ್ಕಳಿಗೆ ಲಸಿಕೆ ಹಾಕಿಸಿ ಅಂತ ತಂದೆತಾಯಿಯರನ್ನು ಬೇಡಿಕೊಂಡರು. ಅದನ್ನು ಓದಿದ ಮೇಲೆ ನನ್ನ ಕಾಮಾಕ್ಷಿ ಸಪ್ಪೆಯಾದಳು.

ನಿಮ್ಮ ಅತ್ತೆಯವರ ಮಾತು ಅರ್ಧ ನಿಜ. ಬಂದು ಹೋಗುತ್ತಿತ್ತು. ಕೆಲವು ಸಲ ಮಗುವನ್ನೂ ಕರೆದುಕೊಂಡೇ ಹೋಗುತ್ತಿತ್ತು. 1983ರಲ್ಲಿ ನಾನು ಹೌಸ್ ಸರ್ಜನ್. ಬೇಸಿಗೆ ಬಂತೆಂದರೆ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬರು. ದದ್ದು ಇಳಿದ ಮೇಲೆ ನ್ಯುಮೋನಿಯಾ, ಭೇದಿ. ಬೇವಿನ ಸೊಪ್ಪು ಹಿಡಿದು ಕೂತಿದ್ದ ಒಬ್ಬ ತಾಯಿ ನನ್ನನ್ನು ಕೇಳಿದ್ದಳು, ‘ಮೈ ಮೇಲಿಂದು ಇಳೀತಲ್ಲವ್ವಾ, ಉಸಿರ್ಯಾಕೆ ಹಿಂಗೆ?’ ಅಂತ. ನನ್ನ ಹತ್ತಿರ ಉತ್ತರ ಇತ್ತು, ಆಕ್ಸಿಜನ್ ಇರಲಿಲ್ಲ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಎಂಆರ್ ಅಭಿಯಾನ ಶುರುವಾದಾಗ ವಾಟ್ಸಾಪಿನಲ್ಲಿ ಸುಳ್ಳು ಹರಿದಾಡಿದ್ದು ನೆನಪಿದೆಯಾ? ಅದಕ್ಕೆ ಮುಖಪುಟ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಾದಿನಿಗೆ ಬೈಬೇಡಿ. ಫೋಟೋ ಕೆಳಗೆ ಒಲಿವಿಯಾ ಕತೆಯನ್ನೂ ಹಾಕಿ ಅನ್ನಿ. ಅತ್ತೆಯವರೂ ಓದಲಿ.

ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. ಮಗನಿಗೆ ಸರಿಯಾದ ವಯಸ್ಸು. ಸುಮ್ನೆ ಮುಂದೆ ಹಾಕಬೇಡಿ. ತಾಯಿ ಕಾರ್ಡ್ ಹಿಡಿದು ಈ ಗುರುವಾರವೇ ಹೋಗಿ. ಆಮೇಲೆ ಸ್ವಲ್ಪ ಮೈ ಬಿಸಿಯಾದರೆ ಗಾಬರಿ ಬೇಡ.