ಸೋಮವಾರಪೇಟೆ ಕಡೆಯ ಹಂಚಿನ ಮನೆ ರಿಪೇರಿ: ಲೈಸೆನ್ಸ್ ಎಲ್ಲಿ ಕೇಳಬೇಕು, ದುಡ್ಡು ಯಾವಾಗ ಕೊಡಬೇಕು

ನೀವು ಕೇಳಿರುವುದು ಇಷ್ಟು: ಸೋಮವಾರಪೇಟೆ ಹತ್ತಿರ ಸುಮಾರು 50 ವರ್ಷದ ಹಂಚಿನ ಮನೆ. ಮಾಡು (ಚಾವಣಿ) ಸೋರುತ್ತಿದೆ, ವೈರಿಂಗ್ ಹಳೆಯದು, ಹಿಂಬದಿಗೆ ಒಂದು ಬಚ್ಚಲು ಸೇರಿಸಬೇಕು. ನೀವಿರುವುದು ಬೆಂಗಳೂರಿನಲ್ಲಿ. ಒಬ್ಬ ಕಾಂಟ್ರಾಕ್ಟರ್ "ನನಗೆ ಲೈಸೆನ್ಸ್ ಇದೆ, ಎಲ್ಲ ಸೇರಿ ಇಷ್ಟಾಗುತ್ತದೆ, ಅರ್ಧ ಮುಂಗಡ ಕೊಡಿ" ಅಂದಿದ್ದಾರೆ. ಕೊಡಬಹುದೇ?

ಅರ್ಧ ಮುಂಗಡ ಖಂಡಿತ ಕೊಡಬೇಡಿ. ಕೊಡಗಿನಲ್ಲಿ ಮನೆ ಕೆಲಸವನ್ನು ಪರೀಕ್ಷೆ ಮಾಡುವುದು ಮಳೆ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲೇ ಪೂರ್ತಿ ದುಡ್ಡು ಕೈಬಿಟ್ಟುಬಿಟ್ಟರೆ, ಜುಲೈಯಲ್ಲಿ ಸೋರಿದಾಗ ಯಾವ ಲೈಸೆನ್ಸೂ ಮೇಸ್ತ್ರಿಯನ್ನು ವಾಪಸ್ ಕರೆತರುವುದಿಲ್ಲ. ಕರಾರು, ಅಳತೆ, ಕಂತು ಮೂರನ್ನೂ ಒಂದು ಪೂರ್ತಿ ಮಳೆಗಾಲ ಲೆಕ್ಕಕ್ಕೆ ಹಿಡಿದೇ ಮಾಡಿಕೊಳ್ಳಿ.

ಮೊದಲು ಲೈಸೆನ್ಸ್ ವಿಷಯ. ಖಾಸಗಿ ಮನೆಯ ಗಾರೆ, ಮರಗೆಲಸ, ಹಂಚು ಹೊದಿಸುವ ಕೆಲಸಕ್ಕೆ ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಅಂತ ಇಲ್ಲ. "ಲೈಸೆನ್ಸ್ ಇದೆ" ಎನ್ನುವವರು ಸಾಮಾನ್ಯವಾಗಿ ತೋರಿಸುವುದು ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ. ಅದು ಸರ್ಕಾರಿ ಟೆಂಡರ್ ಹಾಕಲು ಬೇಕಾದ ಕಾಗದ. ರಸ್ತೆ, ಮೋರಿ ಮಾಡಿದವರಿಗೆ ಹಂಚಿನ ಮಾಡು ಗೊತ್ತಿದೆ ಎಂದು ಅದು ಹೇಳುವುದಿಲ್ಲ. ಜಿಎಸ್‌ಟಿ ನಂಬರೂ ಕೆಲಸದ ಪ್ರಮಾಣಪತ್ರವಲ್ಲ. ಆದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ಕೇಳಿದರೆ 15 ಅಕ್ಷರ-ಅಂಕಿಗಳ ಆ ನಂಬರ್ ಇರಲೇಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ್ದರೆ ಅದು 29ರಿಂದ ಶುರುವಾಗುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಹೆಸರು ಸಿಗುತ್ತದೆ. ನಂಬರ್ ಇಲ್ಲದವರಿಗೆ ತೆರಿಗೆ ಕೊಡುವ ಅಗತ್ಯವಿಲ್ಲ.

ವೈರಿಂಗ್ ಮಾತು ಬೇರೆ. ಅಲ್ಲಿ ಲೈಸೆನ್ಸ್ ಬೇಕೇ ಬೇಕು. ವಿದ್ಯುತ್ ಗುತ್ತಿಗೆದಾರರಿಗೆ ಅದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಹೊಸ ಮೀಟರ್‌ಗೋ ಲೋಡ್ ಹೆಚ್ಚಿಸಲೋ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಹಾಕುವಾಗ ಅಂಥವರ ಸಹಿ ಇರುವ ವೈರಿಂಗ್ ವರದಿ ಕೇಳುತ್ತಾರೆ. ಲೈಸೆನ್ಸ್ ಪ್ರತಿಯಲ್ಲಿ ಹೆಸರು, ನಂಬರ್, ಅವಧಿ ಮುಗಿಯುವ ದಿನ ನೋಡಿ. ಇಲ್ಲಿ ನಡೆಯುವ ಮೋಸ ಒಂದೇ: ಕೆಲಸ ಮಾಡುವವನೊಬ್ಬ, ಮನೆಯನ್ನೇ ನೋಡದೆ ವರದಿಗೆ ಸಹಿ ಹಾಕುವವನು ಇನ್ನೊಬ್ಬ. ಇದನ್ನು ತಡೆಯಲು "ಲೈಸೆನ್ಸ್‌ದಾರರು ಸ್ಥಳಕ್ಕೆ ಬಂದು ಮೆಗ್ಗರ್ (ತಂತಿಯ ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಮತ್ತು ಅರ್ಥಿಂಗ್ ಅಳತೆ ತೆಗೆದು ವರದಿಯಲ್ಲಿ ಬರೆಯಬೇಕು" ಎಂದು ಕರಾರಿನಲ್ಲೇ ಹಾಕಿ. ಬಲ್ಬು, ಉಪಕರಣಗಳನ್ನೆಲ್ಲ ತೆಗೆದು, ಸ್ವಿಚ್‌ಗಳನ್ನು ಆನ್ ಮಾಡಿ, 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಿದಾಗ ತಂತಿಗೂ ಅರ್ಥ್‌ಗೂ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ದೀಪಗಳಿಗೆ 1.5, ಪ್ಲಗ್ ಪಾಯಿಂಟ್‌ಗೆ 2.5, ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್).

ಕೊಡಗಿನ ಮನೆಗಳಲ್ಲಿ ಮಳೆಗಾಲ ಬಂದ ಕೂಡಲೇ ಈ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುವುದುಂಟು. ಅಟ್ಟದ ಮೇಲಿನ ಯಾವುದೋ ಜೋಡಣೆಯಲ್ಲಿ ತೇವ ಸೇರಿ ಕರೆಂಟು ಸೋರುವುದೇ ಕಾರಣ. ಕೆಲವೊಮ್ಮೆ ಇಲಿ ತಂತಿ ಕಡಿದಿರುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್ನರು ಸೋರಿಕೆ ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಒದ್ದೆ ಬಚ್ಚಲಿನಲ್ಲಿ ಜೀವ ಉಳಿಸುವುದು ಆ ಒಂದು ಸಾಧನ, ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಅಟ್ಟದಲ್ಲಿ ಪೂರ್ತಿ ಪಿವಿಸಿ ಪೈಪಿನೊಳಗೇ ತಂತಿ ಹೋಗಲಿ, ಟೇಪ್ ಸುತ್ತಿದ ಜೋಡಣೆ ಒಂದೂ ಬೇಡ.

ಇನ್ನು ಮಾಡು. ನಿಮ್ಮ ಕಾಂಟ್ರಾಕ್ಟರ್ ಹೇಳಿದ "ಎಲ್ಲ ಸೇರಿ ಇಷ್ಟು" ಎಂಬ ಲೆಕ್ಕ ಹಳೆಯ ಮಾಡಿಗೆ ಹೊಂದುವುದಿಲ್ಲ. ಹಂಚು ಇಳಿಸುವವರೆಗೆ ಎಷ್ಟು ಪಕ್ಕಾಸು (ಮಾಡಿನ ಇಳಿಜಾರಿನ ಉದ್ದಕ್ಕೆ ಹಾಕುವ ಮರ) ಲಡ್ಡಾಗಿದೆ, ಅಂದರೆ ಕೊಳೆತಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಟ್ಟು ಮೊತ್ತಕ್ಕೆ ಒಪ್ಪಿದವರು ಒಂದೋ ಹೆದರಿ ದುಪ್ಪಟ್ಟು ಹೇಳಿರುತ್ತಾರೆ, ಇಲ್ಲವೇ ಲಡ್ಡು ಪಕ್ಕಾಸಿನ ಮೇಲೆಯೇ ಹೊಸ ರೀಪು (ಹಂಚು ಕೂರಿಸುವ ಅಡ್ಡ ಪಟ್ಟಿ) ಹೊಡೆದು ಮುಚ್ಚುತ್ತಾರೆ. ಅದರ ಬದಲು ದರಗಳನ್ನು ಬಿಡಿಬಿಡಿಯಾಗಿ ಬರೆಸಿ: ಹಂಚು ಇಳಿಸಿ ತೊಳೆದು ಮತ್ತೆ ಹೊದಿಸಲು ಚದರಕ್ಕೆ (100 ಚದರ ಅಡಿಗೆ) ಎಷ್ಟು, ಪಕ್ಕಾಸು ಬದಲಿಸಲು ಅಡಿಗೆ ಎಷ್ಟು, ರೀಪಿಗೆ ಅಡಿಗೆ ಎಷ್ಟು, ಹೊಸ ಹಂಚು ಒಂದಕ್ಕೆ ಎಷ್ಟು. ಹಂಚು ಇಳಿಸಿದ ದಿನ ಎರಡೂ ಕಡೆಯವರು ನಿಂತು, ಬದಲಿಸಬೇಕಾದ ಪಕ್ಕಾಸಿಗೆ ಸುಣ್ಣದ ಗುರುತು ಹಾಕಿ ಎಣಿಸಿ.

ಚದರ ಅಂದಾಗ ಯಾವ ಅಳತೆ ಎಂದು ಕೇಳಿ. ಹೆಚ್ಚಿನ ಜಗಳ ಶುರುವಾಗುವುದೇ ಇಲ್ಲಿ. ಸೂರಿನ ಅಂಚಿನಿಂದ ಅಂಚಿಗೆ ನೆಲದ ಮೇಲೆ ಅಳೆದರೆ 1000 ಚದರ ಅಡಿ ಅಂದುಕೊಳ್ಳಿ. ಇಳಿಜಾರು 35 ಡಿಗ್ರಿ ಇದ್ದರೆ ಮಾಡಿನ ಮೈ ಸುಮಾರು 1220 ಚದರ ಅಡಿ, ಅಂದರೆ 12.2 ಚದರ. 10 ಚದರ ಅಂದುಕೊಂಡು ಒಪ್ಪಿದವರಿಗೆ ಬಿಲ್ಲು 12ಕ್ಕೆ ಬರುತ್ತದೆ. ಮಂಗಳೂರು ಹಂಚು ಚದರಕ್ಕೆ 140ರಿಂದ 150 ಬೇಕು. ಈ ಮಾಡಿಗೆ ಸುಮಾರು 1770, ಒಡೆಯುವ ಲೆಕ್ಕ ಶೇ. 5 ಸೇರಿಸಿದರೆ 1860. ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು ಹಿಡಿದರೆ ರೀಪು ಸುಮಾರು 1170 ಅಡಿ. ಆದರೆ ರೀಪು ಹೊಡೆಯುವ ಮುಂಚೆ ನಿಮ್ಮ ಹಂಚನ್ನೇ ಜೋಡಿಸಿ ಅಂತರ ನೋಡಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚು ಒಂದೇ ಅಳತೆ ಇರುವುದಿಲ್ಲ, ಹಳೆಯದರ ನಡುವೆ ಹೊಸದನ್ನು ಸಿಕ್ಕಿಸಿದರೆ ಕಚ್ಚು ಕೂರದೆ ಸೋರುತ್ತದೆ. ಒಳ್ಳೆಯ ಹಳೆಯ ಹಂಚನ್ನೆಲ್ಲ ಒಂದು ಮಗ್ಗುಲಿಗೆ, ಹೊಸದನ್ನು ಇನ್ನೊಂದು ಮಗ್ಗುಲಿಗೆ ಹೊದಿಸಿ.

ಸೋರುವುದು ಒಡೆದ ಹಂಚಿನಿಂದ ಮಾತ್ರವಲ್ಲ. ಎರಡು ಮಾಡು ಕೂಡುವ ಕಣಿವೆಯ ತಗಡು ತೂತಾಗಿರುತ್ತದೆ, ಗೋಡೆಗೆ ಮಾಡು ತಾಗುವಲ್ಲಿ ಬರೀ ಸಿಮೆಂಟು ಮೆತ್ತಿರುತ್ತಾರೆ. ಬಿಸಿಲಿಗೆ ಮರ ಅಲುಗಿದ ಕೂಡಲೇ ಆ ಸಿಮೆಂಟು ಬಿರುಕು ಬಿಡುತ್ತದೆ. ಅಲ್ಲಿ ಗೋಡೆಗೆ ಗೀರು ಕೊರೆದು, ತಗಡನ್ನು ಆರು ಇಂಚು ಮೇಲಕ್ಕೆ ಏರಿಸಿ ಗೀರಿನೊಳಗೆ ಮಡಚಿ ಕೂರಿಸಬೇಕು. ಕಣಿವೆಗೆ ಎರಡು ಅಡಿ ಅಗಲದ ತಗಡು ಇರಲಿ. ನಿಮ್ಮ ಬಚ್ಚಲಿಗೂ ಇದೇ ಅಪಾಯ ಕಾದಿದೆ: ಹಳೆಯ ಮಾಡನ್ನೇ ಹಿಂದಕ್ಕೆ ಎಳೆದು ಕಡಿಮೆ ಇಳಿಜಾರಿನಲ್ಲಿ ಹಂಚು ಹೊದಿಸೋಣ ಎಂದು ಹೇಳುತ್ತಾರೆ. ಇಳಿಜಾರು 30 ಡಿಗ್ರಿಗಿಂತ ಕೆಳಗಿಳಿದರೆ ಗಾಳಿಮಳೆಗೆ ನೀರು ಹಂಚಿನ ಕಚ್ಚಿನ ಮೇಲಕ್ಕೇ ಹತ್ತಿ ಒಳಗೆ ಬರುತ್ತದೆ. ಎತ್ತರ ಸಾಲದಿದ್ದರೆ ಬಚ್ಚಲಿಗೆ ಬೇರೆಯೇ ಮಾಡು ಮಾಡಿಸಿ, ಶೀಟ್ ಆದರೂ ಸರಿ.

ಇಳಿಸಿದ ಮರ ಯಾರದ್ದು ಎಂದು ಬರೆಯದೆ ಕೆಲಸ ಶುರು ಮಾಡಬೇಡಿ. ಹಳೆಯ ಮನೆಗಳ ಜಂತಿ, ಪಕ್ಕಾಸು ಎಷ್ಟೋ ಸಲ ಬೀಟೆ, ಹೊನ್ನೆ, ತೇಗ. ತುದಿ ಕೊಳೆತಿದ್ದರೂ ಉಳಿದದ್ದು ಬಹಳ ಬೆಲೆ ಬಾಳುತ್ತದೆ, "ಹಳೇ ಸೌದೆ ನಾವೇ ಖಾಲಿ ಮಾಡ್ತೀವಿ" ಎಂಬ ಮಾತಿನಲ್ಲಿ ಅದು ಲಾರಿ ಹತ್ತಿಬಿಡುತ್ತದೆ. ಹೊಸ ಮರಕ್ಕೆ ನಿಮ್ಮ ತೋಟದ್ದನ್ನೇ ಕಡಿಯೋಣ ಎಂದರೆ ಬೀಟೆ, ತೇಗಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೇಸು ಬೀಳುವುದು ಜಾಗದ ಯಜಮಾನರ ಮೇಲೆ. ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ ಎಂದು ಪಕ್ಕಾಸಿಗೆ ಹಾಕಿಸಬೇಡಿ, ಹುಳು ಬೇಗ ಹಿಡಿಯುತ್ತದೆ.

ಬಚ್ಚಲಿಗೆ ಜಾಗ ಸಾಲದೆ ಹಿಂದಿನ ಬರೆಯನ್ನು (ಮಣ್ಣಿನ ದಿಬ್ಬವನ್ನು) ಜೆಸಿಬಿಯಲ್ಲಿ ಸ್ವಲ್ಪ ಕೆರೆಯೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಎಂದು ಎಲ್ಲರಿಗೂ ಗೊತ್ತಿದೆ. ಬರೆಯ ಬುಡ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ, ನೀರು ಕುಡಿದು ಭಾರವಾದ ದಿನ ಅದು ಜಾರುತ್ತದೆ. ಇದಕ್ಕೆ ಮೇಸ್ತ್ರಿಯ ಅಂದಾಜು ಸಾಲದು. ಸಿವಿಲ್ ಎಂಜಿನಿಯರ್ ಸ್ಥಳ ನೋಡಿ, ಸಹಿ ಹಾಕಿದ ನಕ್ಷೆ ಕೊಡಬೇಕು, ಪಂಚಾಯತಿಗೂ ಅದೇ ಬೇಕಾಗುತ್ತದೆ. ತಡೆಗೋಡೆ ಕಟ್ಟಲೇಬೇಕಾದರೆ ಹಿಂದೆ ಜಲ್ಲಿ ತುಂಬಿ, ನಾಲ್ಕೈದು ಅಡಿಗೊಂದು ನೀರು ಹೋಗುವ ಪೈಪು ಇಡಬೇಕು. ಪೈಪಿಲ್ಲದ ತಡೆಗೋಡೆ ಮಣ್ಣಿನ ಜೊತೆ ನೀರಿನ ಭಾರವನ್ನೂ ಹೊರಬೇಕಾಗುತ್ತದೆ.

ಹಳೆಯ ಗೋಡೆ ಮಣ್ಣಿನದಾದರೆ ಹೊಸ ಸಿಮೆಂಟ್ ಗೋಡೆಯನ್ನು ಅದಕ್ಕೆ ಕಚ್ಚಿಸಬೇಡಿ. ಎರಡರ ಬುಡವೂ ಬೇರೆ ಬೇರೆಯಾಗಿ ತಗ್ಗುತ್ತದೆ, ನಡುವೆ ಬಿರುಕು ಖಚಿತ. ಅರ್ಧ ಇಂಚು ಸಂದು ಬಿಟ್ಟು ಮೇಲೆ ತಗಡು ಮುಚ್ಚಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆಯೂ ಬೇಡ, ತೇವ ಒಳಗೇ ನಿಂತು ಹಪ್ಪಳದ ಹಾಗೆ ಎದ್ದುಬರುತ್ತದೆ, ಸುಣ್ಣದ ಗಾರೆಯೇ ಸರಿ. ಬಚ್ಚಲಿನ ನೆಲಕ್ಕೆ ಟೈಲ್ಸ್ ಹಾಕುವ ಮೊದಲು ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಕಾಂಕ್ರೀಟು ಕಲಸುವಾಗ 50 ಕಿಲೋ ಮೂಟೆಗೆ ನೀರು 25ರಿಂದ 27 ಲೀಟರ್ ಮೀರಬಾರದು. ಸಿಮೆಂಟು ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ನಮ್ಮ ತೇವದಲ್ಲಿ ಬೇಡ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿಸಿ.

ಈ ಕೆಲಸಕ್ಕೆ ಕಾಲ ಯಾವುದು ಎಂಬುದೂ ಕರಾರಿನ ಭಾಗವೇ. ಮಳೆ ಬಿಟ್ಟ ಮೇಲೆ ಹುತ್ತರಿ ಹಬ್ಬ, ಅದರ ಹಿಂದೆಯೇ ಅರೇಬಿಕಾ ಕಾಫಿ ಕೊಯ್ಲು, ಆಮೇಲೆ ರೊಬಸ್ಟಾ. ಫೆಬ್ರವರಿಯವರೆಗೆ ಕೂಲಿಯಾಳು ತೋಟದಲ್ಲಿರುತ್ತಾರೆ, ಸೋಮವಾರ ಸಂತೆಯ ದಿನ ಯಾರೂ ಬರುವುದಿಲ್ಲ. ಹಾಗಾಗಿ ಕರಾರು ಡಿಸೆಂಬರ್‌ನಲ್ಲಿ, ಮರ ಹಂಚು ಜನವರಿಯಲ್ಲಿ, ಮಾಡು ಇಳಿಸುವುದು ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಿ. ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಯಾವಾಗ ಬೇಕಾದರೂ ಬರಬಹುದು, ಅದಕ್ಕೆ ಒಂದು ಸಲಕ್ಕೆ ಮಾಡಿನ ಒಂದು ಮಗ್ಗುಲು ಮಾತ್ರ ಬಿಚ್ಚಬೇಕು, ಟಾರ್ಪಾಲು ಕಾಂಟ್ರಾಕ್ಟರದ್ದೇ. ಕಾಂಕ್ರೀಟು ಏಪ್ರಿಲ್ ಒಳಗೆ, ಎಲ್ಲ ಮುಗಿಯುವುದು ಮೇ 15ಕ್ಕೆ. ತಡವಾದರೆ ವಾರಕ್ಕೆ ಎಷ್ಟು ಕಡಿತ ಎಂದು ಮೊತ್ತ ಬರೆಯಿರಿ.

ದುಡ್ಡಿನ ಕಂತನ್ನು ನಾನಾದರೆ ಹೀಗೆ ಇಡುತ್ತೇನೆ. ಕೆಲಸ ಹಿಡಿಯುವಾಗ ಶೇ. 10, ಮರ, ಹಂಚು ನಿಮ್ಮ ಅಂಗಳಕ್ಕೆ ಬಂದು ಎಣಿಸಿದ ಮೇಲೆ 20, ಮಾಡು ಪೂರ್ತಿ ಮುಚ್ಚಿದಾಗ 30, ವೈರಿಂಗ್ ವರದಿ ಕೈಗೆ ಬಂದು ಬಚ್ಚಲಿನ ನೀರಿನ ಪರೀಕ್ಷೆ ಮುಗಿದಾಗ 20, ಬೀಗದ ಕೈ ಕೊಡುವಾಗ 10. ಕೊನೆಯ ಶೇ. 10 ಮಳೆಗಾಲ ಕಳೆದ ಮೇಲೆ. ಇದಕ್ಕೆ ಒಪ್ಪದ ಕಾಂಟ್ರಾಕ್ಟರ್‌ಗೆ ಕೆಲಸ ಕೊಡಬೇಡಿ. ಹಾಗೆಯೇ, ಕಂತು ಬಂದ ದಿನವೇ ನೀವೂ ಕೊಡಬೇಕು; ಆಳುಗಳ ವಾರದ ಬಟವಾಡೆ ನಿಂತರೆ ಅವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಬಿಚ್ಚಿದ ಮಾಡು ಹಾಗೆಯೇ ಉಳಿಯುತ್ತದೆ. ಮಾಡು ಹತ್ತುವವರಿಗೆ ಸೊಂಟದ ಹಗ್ಗ, ಅಪಘಾತ ವಿಮೆ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇದೆಯೇ ಎಂದು ಮೊದಲ ದಿನವೇ ಕೇಳಿ.

ಎಲ್ಲವನ್ನೂ ಬ್ಯಾಂಕ್ ಮೂಲಕವೇ ಕೊಡಿ, ಬಿಲ್ ತೆಗೆದುಕೊಳ್ಳಿ. ಮುಚ್ಚಿಹೋಗುವ ಕೆಲಸದ ಫೋಟೋ ಮುಚ್ಚುವ ಮೊದಲೇ ತರಿಸಿಕೊಳ್ಳಿ: ಕಂಬಿ, ಪೈಪು, ತಗಡು, ಎಲ್ಲದರ ಪಕ್ಕ ಅಳತೆ ಟೇಪು ಇಟ್ಟು. ಮಾತು ಕೆಟ್ಟರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಅಲ್ಲಿ ನಿಮ್ಮ ಪರ ನಿಲ್ಲುವುದು ಈ ಫೋಟೋ ಮತ್ತು ಬಿಲ್ಲುಗಳೇ.

ಸೆಪ್ಟೆಂಬರ್ ಮೊದಲ ವಾರ, ಕೈಲ್‌ಮುಹೂರ್ತ ಹಬ್ಬದ ಹೊತ್ತಿಗೆ ಊರಿಗೆ ಬಂದಾಗ ಹಗಲಲ್ಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ. ಕಣಿವೆಯ ಕೆಳಗಿನ ಪಕ್ಕಾಸು, ಗೋಡೆ ತಾಗುವ ಅಂಚು, ಬಚ್ಚಲಿನ ಸಂದು, ಈ ಮೂರೂ ಕಡೆ ಮರವನ್ನು ಕೈಯಿಂದ ಮುಟ್ಟಿ ನೋಡಿ. ಕಪ್ಪು ಕಲೆ, ಬಿಳಿ ಬೂಸ್ಟು ಇದ್ದರೆ ಗುರುತು ಹಾಕಿ ಮೇಸ್ತ್ರಿಯನ್ನು ಕರೆಸಿ, ಅದನ್ನು ಸರಿಮಾಡಿದ ಮೇಲೆ ಆ ಶೇ. 10 ಕೊಡಿ.